ಬಿಸ್ಕತ್ತಿನ ಅಕ್ಷರ

ಶಾಂಪೂ ಬಾಟಲಿಯ ಮೇಲಿನ ಕಾಗದ ಬಿಸಿನೀರಿಗೆ ಹಿಡಿದರೂ ಬಿಡಲಿಲ್ಲ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಸದ್ದು ಕೇಳಿಸದಿರಲಿ ಎಂದು ನಲ್ಲಿಯನ್ನು ಜೋರಾಗಿ ತಿರುಗಿಸಿ, ಅವಳು ಉಗುರಿನಿಂದ ಕೆರೆಯುತ್ತಿದ್ದಳು. ಅರ್ಧ 'ಮ' ಕಿತ್ತು ಬಂತು. ಉಳಿದರ್ಧ ಹೊಟ್ಟೆ ಉಬ್ಬಿಸಿಕೊಂಡು ಅಲ್ಲೇ ಕೂತಿತ್ತು. ಎಂಟು ತಿಂಗಳಿಂದ ಈ ಮನೆಗೆ ಬರುವ ಸಾಮಾನೆಲ್ಲ ಹೀಗೆ ಮೈ ಸುಲಿಸಿಕೊಂಡೇ ಒಳಗೆ ಕಾಲಿಡಬೇಕು. ಬಿಸ್ಕತ್ತಿನ ಪೊಟ್ಟಣವನ್ನು ಅಂಗಡಿಯ ಮುಂದೆಯೇ ಒಡೆದು ಡಬ್ಬಿಗೆ ಸುರಿಯುತ್ತಾಳೆ, ಸೋಪಿನ ಕಾಗದವನ್ನು ಬಸ್ ನಿಲ್ದಾಣದ ಕಸದ ಬುಟ್ಟಿಗೆ ಹಾಕುತ್ತಾಳೆ. ಅಂಗಡಿಯವನು ಅವಳಿಗೆ ತಲೆ ಸರಿಯಿಲ್ಲವೆಂದೇ ತೀರ್ಮಾನಿಸಿದ್ದಾನೆ. ಈಗ ಎಲ್ಲದರ ಮೇಲೂ ಅದೇ ಅಕ್ಷರ. 'ತೊದಲು' ಎಂದು ಆ ಫಾಂಟಿನ ಹೆಸರು, ಅಚ್ಚಿನ ಅಕ್ಷರ ರೂಪಿಸುವ ಆಫೀಸಿನಲ್ಲಿ ಅದನ್ನು ಮಾಡಿ ಹೆಸರಿಟ್ಟವಳೂ ಅವಳೇ. ಮಗುವಿನ ಎಣ್ಣೆಯ ಸೀಸೆ, ಐಸ್‌ಕ್ರೀಮ್ ಗಾಡಿ, ಶಿಶುವಿಹಾರದ ಗೇಟು, ಮಕ್ಕಳ ಬನಿಯನ್ನಿನ ಎದೆ, ಹಲ್ಲಿನ ಡಾಕ್ಟರ ಬಾಗಿಲಿನಲ್ಲಿ ನೇತುಹಾಕಿದ 'ಹೆದರಬೇಡಿ' ಎಂಬ ಹಲಗೆ, ಎಲ್ಲ ಕಡೆ ಅದು ಕಾಲು ಚಾಚಿಕೊಂಡು ಕೂತಿದೆ. ಅದರ 'ಕ' ಬಲಕ್ಕೆ ವಾಲುತ್ತದೆ. ತಲೆಕಟ್ಟು ಜಾರಿದ ಟೋಪಿಯ ಹಾಗೆ ಒಂದು ಬದಿಗೆ ಇಳಿದಿರುತ್ತದೆ. ದೀರ್ಘದ ಬಾಲ ಮುಗಿಯುವ ಮುಂಚೆ ಒಮ್ಮೆ ನಡುಗುತ್ತದೆ. ಆ ನಡುಕಕ್ಕೆ ಹೋದ ವರ್ಷದ ಬಹುಮಾನ ಬಂದಿತ್ತು. ತೀರ್ಪುಗಾರರು 'ಮುಗ್ಧ' ಎಂಬ ಮಾತನ್ನು ಮೂರು ಸಲ ಬಳಸಿದ್ದರು. ನಡುಕ ಅವಳದಲ್ಲ, ಅಕ್ಕನದು. ಎರಡು ವರ್ಷದ ಹಿಂದೆ ಲಕ್ವ ಹೊಡೆದ ಅಕ್ಕನ ಬಲಗೈಯದು. ಅಕ್ಕನಿಗೆ ಅದು ಗೊತ್ತಿಲ್ಲ.

"ಪುಟ್ಟೀ, ಎಷ್ಟು ಹೊತ್ತೇ? ಹನ್ನೊಂದಕ್ಕೆ ಬರಕ್ಕೆ ಹೇಳಿದಾರೆ," ಎಂದು ಹೊರಗಿನಿಂದ ಅಕ್ಕ ಕೂಗಿದಳು. ನಲವತ್ತೆರಡು ತುಂಬಿದ ಪುಟ್ಟಿ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಈಚೆಗೆ ಬಂದಳು. ಅಕ್ಕ ಕನ್ನಡಿಯ ಮುಂದೆ ನಿಂತಿದ್ದಳು. ಸ್ವೆಟರಿನ ಗುಂಡಿಗಳನ್ನು ತಾನೇ ಹಾಕಿಕೊಂಡಿದ್ದಳು. ಒಂದು ಗುಂಡಿ ಮನೆ ತಪ್ಪಿ ಕೆಳಗಿನದಕ್ಕೆ ಹೋಗಿ, ಎದೆಯ ಮೇಲೆ ಬಟ್ಟೆ ಸೊಟ್ಟಗೆ ಎದ್ದು ನಿಂತಿತ್ತು. "ನೋಡು, ಯಾರ ಸಹಾಯಾನೂ ಇಲ್ಲ. ಹೇಗಿದೆ?" "ಚೆನ್ನಾಗಿದೆ," ಎಂದಳು ಅವಳು. ಈ ಮಾತು ಈಗ ಅವಳ ಬಾಯಲ್ಲಿ ಕೆಮ್ಮಿನ ಹಾಗೆ, ಕೇಳದೆಯೇ ಬರುತ್ತದೆ. ಬಗ್ಗಿ ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದಳು. "ಚೆನ್ನಾಗಿದ್ರೆ ಯಾಕೆ ಬಿಚ್ತೀಯ?" ಎಂದು ಅಕ್ಕ ನಕ್ಕಳು. ಇವತ್ತು ಅಕ್ಕನ ಶಾಲೆಯಲ್ಲಿ ಅವಳ ಕೈಯನ್ನು ನೋಡುತ್ತಾರೆ. ಒಂದನೇ ತರಗತಿಯ ಬೋರ್ಡಿನ ಮೇಲೆ ಒಂದು ಸಾಲು ಬರೆದರೆ ಸಾಕು, ನಾಳೆಯಿಂದಲೇ ಬನ್ನಿ ಎಂದು ಹೆಡ್‌ಮಿಸ್ ಹೇಳಿದ್ದಾರೆ. ಅಕ್ಕ ಈ ಒಂದು ಸಾಲಿಗೋಸ್ಕರ ಎರಡು ವರ್ಷ ಕಾದಿದ್ದಾಳೆ. ರಾತ್ರಿ ಮಲಗುವ ಮುನ್ನ ಪಾಠದ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ತುಂಬಿದ್ದು ಅತಿಯಾಯಿತೇನೋ ಎಂದು ನಾಚಿ, ಮತ್ತೆ ಎರಡನ್ನು ತೆಗೆದಿಟ್ಟಿದ್ದಳು.

ಆ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಮಕ್ಕಳೆಲ್ಲ ಅಕ್ಕನ ಅಕ್ಷರವನ್ನೇ ತಿದ್ದಿದ್ದರು. ಬೇರೆ ಟೀಚರುಗಳು ತಮ್ಮ ತರಗತಿಯ ಹೆಸರುಗಳನ್ನು ಬರೆಸಿಕೊಳ್ಳಲು ಅವಳ ಬಳಿ ಬಂದು ಸರದಿಯಲ್ಲಿ ನಿಲ್ಲುತ್ತಿದ್ದರು. ಬೋರ್ಡಿಗೆ ಗೆರೆ ಹಾಕದೆ, ಸ್ಕೇಲು ಮುಟ್ಟದೆ, ಎಡತುದಿಯಿಂದ ಬಲತುದಿಯವರೆಗೆ ಒಂದೇ ಎತ್ತರಕ್ಕೆ ಬರೆದುಕೊಂಡು ಹೋಗುತ್ತಿದ್ದಳು. ಅಮ್ಮ ಹೋದಾಗ ಪುಟ್ಟಿಗೆ ಐದು ವರ್ಷ, ಅಕ್ಕನಿಗೆ ಹದಿನಾರು. ಆ ಸಂಜೆ ಮನೆ ತುಂಬ ಜನ, ಯಾರ ಕಾಲಿನ ನಡುವೆ ಹೋದರೂ ಯಾರೋ ಎತ್ತಿಕೊಂಡು ಅಳುವವರು. ಅಕ್ಕ ಅವಳನ್ನು ಒಳಕೋಣೆಗೆ ಕರೆದೊಯ್ದು, ಸ್ಲೇಟು ಕೊಟ್ಟು, ಅವಳ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಅ ಬರೆಸಿದ್ದಳು. ಕೈ ಹಿಡಿದಷ್ಟು ಹೊತ್ತು ನೆಟ್ಟಗೆ, ಬಿಟ್ಟರೆ ಸೊಟ್ಟಗೆ. "ಇದು ಚೆನ್ನಾಗಿಲ್ಲ. ಇನ್ನೊಂದು ಬರಿ." ಅಳುವ ಮಗುವಿಗೆ ಹೇಳುವ ಮಾತೇ ಅದು? ಆದರೆ ಅಂದು ಮನೆಯಲ್ಲಿ ಎಲ್ಲರೂ ಸುಳ್ಳು ಹೇಳುತ್ತಿದ್ದರು, ಅಮ್ಮ ಬರುತ್ತಾಳೆ, ಊರಿಗೆ ಹೋಗಿದ್ದಾಳೆ ಎಂದು. ಅಕ್ಕ ಒಬ್ಬಳೇ ನಿಜ ಹೇಳಿದ್ದು, ಆ ನಿಜ ಒಂದು ಅಕ್ಷರದ ಬಗ್ಗೆಯಾಗಿದ್ದರೂ.

ಅಕ್ಕನ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ ಹುಡುಗಿ ಹೇಳಿದ್ದೂ ಅದನ್ನೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಪುಟ್ಟಿಯನ್ನು ನಿಲ್ಲಿಸಿಕೊಂಡು, ಪಾಠ ಒಪ್ಪಿಸುವವಳಂತೆ ಬೆರಳು ಮಡಿಸುತ್ತ ಹೇಳಿದ್ದಳು: "ದಿನಾ ಒಂದು ಪುಟ ಬರೆಸಿ ಮೇಡಂ. ಮೊದಲನೇ ವರ್ಷಾನೇ ಮುಖ್ಯ. ಆವಾಗ ಕೈ ಏನು ಕಲಿಯುತ್ತೋ ಅದೇ ಉಳ್ಕೊಳ್ಳೋದು. ನೆಟ್ಟಗೆ ಬಂದಿದ್ದಕ್ಕೆ ಮಾತ್ರ ಚೆನ್ನಾಗಿದೆ ಅನ್ನಿ, ಸೊಟ್ಟಗೆ ಬಂದಿದ್ದಕ್ಕೆ ಸುಮ್ನಿದ್ದುಬಿಡಿ." ಅವಳು ಹಾಗೆಯೇ ಮಾಡಿದ್ದಳು, ಎರಡು ತಿಂಗಳು. ಆಮೇಲೆ ಆಫೀಸಿನಲ್ಲಿ ಯಜಮಾನ, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕರೆದು ಕೂರಿಸಿ, ತಾನೇ ಕುರ್ಚಿ ಎಳೆದುಕೊಟ್ಟು, "ಈ ವರ್ಷ ನಿಮ್ಮದು ಅಂತ ಹೊಸ ಅಕ್ಷರ ಒಂದೂ ಬಂದಿಲ್ವಲ್ಲ ಮೇಡಂ," ಎಂದ. ಅಷ್ಟು ಮರ್ಯಾದೆಯಿಂದ ಮಾತಾಡಿದನೆಂದರೆ ಕೆಲಸ ಹೋಯಿತು ಎಂದೇ ಅರ್ಥ. ಅವಳು ಏಳಲು ಹೋದಾಗ ತೊಡೆಯ ಮೇಲಿದ್ದ ಫೈಲು ಬಿತ್ತು. ಅದರೊಳಗೆ ಅಕ್ಕನ ಕಾಪಿ ಪುಸ್ತಕದ ಒಂದು ಹಾಳೆ ಇತ್ತು, ಫಿಸಿಯೋಗೆ ತೋರಿಸಲು ಹರಿದಿಟ್ಟುಕೊಂಡದ್ದು. ಯಜಮಾನ ಬಗ್ಗಿ ಎತ್ತಿಕೊಂಡ. ಬಹಳ ಹೊತ್ತು ನೋಡಿದ. "ಇದು ಯಾರದು?" ಎಂದ. ಆ ಪ್ರಶ್ನೆಗೆ ಉತ್ತರ ಎರಡೇ ಅಕ್ಷರದ್ದು, ಅಕ್ಕ ಎಂದರೆ ಮುಗಿಯಿತು. "ಎಡಗೈಯಲ್ಲಿ ಬರೆದು ನೋಡ್ತಿದ್ದೆ ಸಾರ್," ಎಂದಳು. ಹೇಳುವಾಗ ತನ್ನ ಎಡಗೈಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದ್ದಳು ಬೇರೆ. ಆ ಎತ್ತಿದ ಕೈ ಅವಳಿಗೆ ಇವತ್ತಿಗೂ ಸ್ನಾನ ಮಾಡುವಾಗ, ಹಾಲು ಕಾಯಿಸುವಾಗ ಕಣ್ಣಿಗೆ ಬೀಳುತ್ತದೆ.

ಕದ್ದದ್ದೊಂದೇ ಆಗಿದ್ದರೆ ಹೇಗೋ ಮರೆಯಬಹುದಿತ್ತು. ಮೂಲಾಕ್ಷರಗಳೆಲ್ಲ ಆ ಎರಡು ತಿಂಗಳ ಪುಸ್ತಕಗಳಲ್ಲಿ ಸಿಕ್ಕಿದವು, ಬೇಕಾದಷ್ಟು ಸೊಟ್ಟಗೆ, ಬೇಕಾದಷ್ಟು ಮುದ್ದಾಗಿ. ಆದರೆ ಒತ್ತಕ್ಷರಗಳಿಗೆ ಬರುವ ಹೊತ್ತಿಗೆ ಅಕ್ಕನ ಕೈ ಸುಧಾರಿಸತೊಡಗಿತು. ದಿನ ದಿನಕ್ಕೆ ನೆಟ್ಟಗಾಯಿತು. ಗೆರೆಯ ಮೇಲೆ ನಿಂತಿತು. ಒಂದು ದಿನ ಅಕ್ಕ ಬರೆದ ಒತ್ತು ಹಳೆಯ ದಿನಗಳ ಬೋರ್ಡಿನಿಂದ ಇಳಿದುಬಂದಂತಿತ್ತು. ಅವಳು ಅದನ್ನು ಕಂಪ್ಯೂಟರಿನಲ್ಲಿ ಆ ವಾಲಿದ ಅಕ್ಷರದ ಕೆಳಗೆ ಇಟ್ಟು ನೋಡಿದರೆ ಕುಡುಕನ ಕಾಲಿಗೆ ಪೊಲೀಸಿನವನ ಬೂಟು ಹಾಕಿದ ಹಾಗೆ ಕಾಣಿಸಿತು. ತಾನೇ ಸೊಟ್ಟ ಮಾಡಲು ನೋಡಿದಳು. ಬರಲಿಲ್ಲ. ಸೊಟ್ಟವನ್ನು ಬೇಕೆಂದು ಬರೆದರೆ ಅದು ಬೇಕೆಂದು ಬರೆದದ್ದು ಎಂದೇ ಕಾಣುತ್ತದೆ. ಆ ಸಂಜೆ ಅಕ್ಕ "ಹೇಗಿದೆ?" ಎಂದು ಹೊಸ ಪುಟ ತೋರಿಸಿದಾಗ ಅವಳು ಸುಮ್ಮನಿದ್ದಳು. ಅಕ್ಕ ಅವಳ ಮುಖ ನೋಡಿದಳು. ಮುಂದಿನ ಸಾಲಿನಲ್ಲಿ, ದಣಿವಿಗೋ ಏನೋ, ಒಂದು ಒತ್ತು ಕಾಲು ಜಾರಿತು. "ಇದು ಚೆನ್ನಾಗಿದೆ," ಎಂದಳು ಅವಳು. ಅಷ್ಟೇ. ಹೊಡೆಯಲಿಲ್ಲ, ಬೈಯಲಿಲ್ಲ. ಹತ್ತು ತಿಂಗಳ ಕಾಲ ಸೊಟ್ಟಕ್ಕೆ ಚೆನ್ನಾಗಿದೆ ಎಂದಳು, ನೆಟ್ಟಗೆ ಬಂದದ್ದಕ್ಕೆ ಪುಟ ತಿರುವಿದಳು. ಬೆಳಗಿನ ಬರವಣಿಗೆಯನ್ನು ಸಂಜೆಗೆ ಹಾಕಿದಳು, ಕೈ ಸೋತಿರುತ್ತದೆ ಎಂದು. ಫಿಸಿಯೋ ಹುಡುಗಿಗೆ ಫೋನು ಮಾಡಿ, ಈಗ ಮನೆಯಲ್ಲೇ ಚೆನ್ನಾಗಿ ನಡೆಯುತ್ತಿದೆ, ನೀವು ಬರುವುದು ಬೇಡ ಎಂದಳು. ಮೊದಲನೆಯ ವರ್ಷ ಮುಗಿಯಿತು, ತೊದಲು ಪೂರ್ತಿಯಾಯಿತು.

ಬಸ್ಸಿನಲ್ಲಿ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸದೆ ತಾನೇ ಅಲ್ಲಿ ಕೂತಳು. "ಗಾಳಿ ಬೀಳುತ್ತೆ ನಿನಗೆ," ಎಂದು ನೆಪ ಹೇಳಿದಳು. ಸಿಗ್ನಲ್ಲಿನ ಬಳಿ ಐದು ಮಾಳಿಗೆಯ ಕಟ್ಟಡದ ನೆತ್ತಿಯ ಮೇಲೆ ಬಿಸ್ಕತ್ತಿನ ಜಾಹೀರಾತು ನಿಂತಿತ್ತು. ಬಸ್ಸು ಅದರ ಎದುರಿಗೇ ಬಂದು ಬೇಕೆಂದೇ ಎಂಬ ಹಾಗೆ ನಿಂತುಕೊಂಡಿತು. ಅವಳು ಕೂದಲು ಸರಿಮಾಡುವ ನೆಪದಲ್ಲಿ ಮೊಣಕೈ ಎತ್ತಿ ಕಿಟಕಿಯನ್ನು ಮುಚ್ಚಿದಳು. ಅಕ್ಕ ಅತ್ತ ನೋಡುತ್ತಲೇ ಇರಲಿಲ್ಲ. ತೊಡೆಯ ಮೇಲೆ ಬಲಗೈಯ ತೋರುಬೆರಳಿನಿಂದ ಏನನ್ನೋ ಬರೆದು ಬರೆದು ಅಳಿಸುತ್ತಿದ್ದಳು, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ. ಬಹುಮಾನ ಬಂದ ದಿನ ಆಫೀಸಿನಲ್ಲಿ ಎಲ್ಲರೂ ಸೇರಿ, "ತೊದಲಮ್ಮ, ಎಡಗೈಯಲ್ಲಿ ಒಂದು ಸಾಲು ಬರೆದು ತೋರಿಸಿ," ಎಂದು ಮುತ್ತಿಕೊಂಡಿದ್ದರು. ಯಾರೋ ಪೆನ್ನು ಕೊಟ್ಟರು, ಯಾರೋ ಕೇಕಿನ ಡಬ್ಬಿಯ ಮುಚ್ಚಳವನ್ನೇ ಮುಂದೆ ಹಿಡಿದರು. ಮಣಿಕಟ್ಟು ಉಳುಕಿದೆ ಎಂದಳು. ನಂಬಿಸಲು ಹದಿನೈದು ದಿನ ಎಡಗೈಗೆ ಪಟ್ಟಿ ಕಟ್ಟಿಕೊಂಡು ಓಡಾಡಿದಳು. ಮನೆಯಲ್ಲಿ ಅಕ್ಕ ಅದಕ್ಕೆ ದಿನವೂ ಮುಲಾಮು ಹಚ್ಚಿದಳು, ತನ್ನ ಆ ಬಾರದ ಕೈಯಲ್ಲೇ, ತಿಕ್ಕಿ ತಿಕ್ಕಿ, "ಇಲ್ಲಿ ನೋಯುತ್ತಾ? ಇಲ್ಲಿ?" ಎಂದು ಕೇಳುತ್ತ. ನೋವೇ ಇಲ್ಲದ ಜಾಗದಲ್ಲಿ ಅವಳು ಹಲ್ಲು ಕಚ್ಚಿ "ಹೂಂ" ಎಂದಿದ್ದಳು.

ಶಾಲೆಯ ಗೋಡೆಗೆ ಹೊಸ ಬಣ್ಣ ಬಂದಿತ್ತು. ಗೇಟಿನೊಳಗೆ ಕಾಲಿಡುತ್ತಿದ್ದಂತೆ ಎದುರಿಗೆ ಹಳದಿ ಗೋಡೆಯ ಮೇಲೆ, ಮೊಲದ ಚಿತ್ರದ ಪಕ್ಕ, 'ಕೈ ತೊಳೆಯಿರಿ' ಎಂದು ಆಳೆತ್ತರದಲ್ಲಿ ತೊದಲು. ಅಕ್ಕ ಗೋಡೆಯನ್ನು ನೋಡಿದಳು, ಒಂದು ಕ್ಷಣ ಹೆಚ್ಚಿಗೆಯೇ ನೋಡಿದಳು, ಏನೂ ಹೇಳದೆ ಮುಂದೆ ನಡೆದಳು. ಹೆಡ್‌ಮಿಸ್ ಓಡಿಬಂದು ಎರಡೂ ಕೈ ಹಿಡಿದುಕೊಂಡರು. "ಎಷ್ಟು ಇಳಿದುಬಿಟ್ಟಿದೀರಿ ಟೀಚರ್! ಬರೀ ಒಂದು ಶಾಸ್ತ್ರಕ್ಕೆ ಅಷ್ಟೇ, ಆಡಳಿತದವರು ಕೇಳ್ತಾರಲ್ಲ ಅಂತ." ಒಂದನೇ ತರಗತಿಯ ಮಕ್ಕಳು ಎದ್ದುನಿಂತು ರಾಗವಾಗಿ ನಮಸ್ತೆ ಹೇಳಿದವು. ಪುಟ್ಟಿ ಹಿಂದಿನ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ಮಡಚಿಕೊಂಡು ಕೂತಳು. ಅಕ್ಕ ಸೀಮೆಸುಣ್ಣ ಆರಿಸಿಕೊಂಡಳು, ಹಳೆಯ ಅಭ್ಯಾಸದಂತೆ ತುದಿಯನ್ನು ಮುರಿದು ಕೆಳಗೆ ಹಾಕಿದಳು. ಇಪ್ಪತ್ತೇಳು ವರ್ಷ ಪ್ರತಿದಿನ ಬೆಳಿಗ್ಗೆ ಮೊದಲು ಬರೆಯುತ್ತಿದ್ದುದು ಅಂದಿನ ಹವೆಯನ್ನು. 'ಇಂದು ಬಿಸಿಲು' ಎಂದು ಬರೆದಳು. ನೆಟ್ಟಗೇ ಬಂತು, ಸ್ವಲ್ಪ ಸಣ್ಣದಾಗಿ, ಆದರೆ ನೆಟ್ಟಗೆ. ಹಿಂದಿನ ಬೆಂಚಿನಲ್ಲಿ ಅವಳು ಉಗುರನ್ನು ಅಂಗೈಗೆ ಒತ್ತಿ ಹಿಡಿದಿದ್ದಳು. ಆಮೇಲೆ 'ಚೆನ್ನಾಗಿದೆ' ಶುರುವಾಯಿತು. 'ಚೆ' ಬಲಕ್ಕೆ ವಾಲಿತು. ಒತ್ತಕ್ಷರ ಕಾಲು ಜಾರಿ ಬದಿಗೆ ಕೂತಿತು, ದೀರ್ಘ ಮೇಲೆದ್ದು ನಡುಗಿತು. ಮೊದಲ ಸಾಲಿನ ಮಗುವೊಂದು ಎದ್ದು ನಿಂತು, ಗಂಟಲು ಹರಿಯುವ ಹಾಗೆ, "ಬಿಸ್ಕತ್ತಿನ ಅಕ್ಷರಾ!" ಎಂದು ಕೂಗಿತು. ಇಡೀ ತರಗತಿ ಚಪ್ಪಾಳೆ ತಟ್ಟಿತು.

ಹೆಡ್‌ಮಿಸ್ ಕೂಡ ನಕ್ಕರು, ಮನಸ್ಸು ಬಿಚ್ಚಿ. "ಅಯ್ಯೋ ಟೀಚರ್, ಎಲ್ಲಿ ಕಲಿತ್ರಿ ಇದನ್ನ? ಹಾಗೇ ಅಚ್ಚು ಹಾಕಿದ ಹಾಗಿದೆ! ಮಕ್ಕಳಿಗೆ ಎಷ್ಟು ಖುಷಿ ನೋಡಿ. ಸರಿ, ಈಗ ನಿಮ್ಮ ಮಾಮೂಲಿ ಅಕ್ಷರದಲ್ಲಿ ಬರೀರಿ." ಅಕ್ಕ ನಗಲಿಲ್ಲ. ಡಸ್ಟರಿನಿಂದ ಆ ಪದವನ್ನು ಮಾತ್ರ ಒರೆಸಿದಳು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಮತ್ತೆ ಬರೆದಳು. ಮತ್ತೆ ಅದೇ ಬಂತು. ಮಕ್ಕಳಿಗೆ ಅದು ಆಟ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದವು. ಹೆಡ್‌ಮಿಸ್‌ರ ಮುಖದಲ್ಲಿ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತುಟಿಯ ತುದಿಯಲ್ಲೇ ಉಳಿದಿತ್ತು. ಮೂರನೆಯ ಸಲ ಅಕ್ಕ ಒರೆಸಿ, ಬರೆಯುವ ಮುನ್ನ ತಿರುಗಿ ಹಿಂದಿನ ಬೆಂಚಿನ ಕಡೆ ನೋಡಿದಳು. ಆಗ ಏಳಬೇಕಿತ್ತು. ಎದ್ದು, ಇದು ಅವಳ ಕೈಯೇ, ಇದನ್ನು ಹಾಳು ಮಾಡಿದವಳು ನಾನು, ಆ ಗೋಡೆಯ ಮೇಲಿರುವುದೂ ಅವಳದೇ ಎನ್ನಬೇಕಿತ್ತು. ಆ ಹೊತ್ತಿಗೆ ಸರಿಯಾಗಿ ಚೀಲದಲ್ಲಿ ಫೋನು ಗುರುಗುಟ್ಟಿತು. ಬಂದ ಕರೆಗೆ ಇಷ್ಟು ಋಣಿಯಾಗಿ ಅವಳು ಎಂದೂ ಎದ್ದಿರಲಿಲ್ಲ. ಕಾರಿಡಾರಿಗೆ ಹೋಗಿ, ಗೋಡೆಗೆ ಹಣೆ ಹಚ್ಚಿ, "ಹೇಳಿ ಸಾರ್," ಎಂದಳು. ಬಿಸ್ಕತ್ತಿನವರು ತೊದಲಿನ ದಪ್ಪ ಅಕ್ಷರ ಕೇಳುತ್ತಿದ್ದಾರೆ, ದೊಡ್ಡ ಫಲಕಗಳಿಗೆ ಈಗಿನದು ತೆಳ್ಳಗಾಯಿತಂತೆ, ಸೋಮವಾರಕ್ಕೆ ಹತ್ತು ಅಕ್ಷರ ಆದರೂ ತೋರಿಸಬೇಕು. "ಆದರೆ ಮೇಡಂ, ಆ ಮೊದಲಿನ ಸತ್ಯ ಇರಬೇಕು ಅದರಲ್ಲಿ," ಎಂದ ಯಜಮಾನ. "ಆಯ್ತು ಸಾರ್," ಎಂದಳು. ಒಳಗೆ ಮಕ್ಕಳು ಮೂರನೆಯ ಸಲ ಕೂಗಿದ್ದು ಫೋನಿನಲ್ಲಿ ಅವನಿಗೂ ಕೇಳಿಸಿತು. "ಎಲ್ಲಿದೀರಿ? ಏನು ಗಲಾಟೆ, ಹಬ್ಬಾನಾ?" ಎಂದು ಕೇಳಿದ.

ಹೆಡ್‌ಮಿಸ್ ಗೇಟಿನ ತನಕ ಬಂದರು. ಅವರಿಗೇ ಅಳು ಬಂದಿತ್ತು. "ಗೋಡೆ ಮೇಲೆ ಏನಿದ್ರೂ ನಡೆಯುತ್ತೆ ಟೀಚರ್, ಬೋರ್ಡಿನ ಮೇಲೆ... ತಿದ್ದೋ ಮಕ್ಕಳು, ನಿಮಗೇ ಗೊತ್ತಲ್ಲ." ಅಕ್ಕ, "ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ," ಎಂದಳು. ಬಸ್ ನಿಲ್ದಾಣದ ಕಬ್ಬಿಣದ ಬೆಂಚು ಬಿಸಿಲಿಗೆ ಕಾದಿತ್ತು. ಇಬ್ಬರೂ ಕೂತರು. ಅಕ್ಕನ ಬೆರಳಿನ ಮಡಿಕೆಗಳಲ್ಲಿ ಸುಣ್ಣದ ಪುಡಿ ಇನ್ನೂ ಇತ್ತು. ಅದನ್ನು ಉಜ್ಜಿಕೊಳ್ಳುತ್ತ, ರಸ್ತೆಯನ್ನು ನೋಡುತ್ತಲೇ ಅಕ್ಕ ಕೇಳಿದಳು.

"ಮನೇಲಿ ಬಾಟಲಿ ಯಾಕೆ ಕೆರೀತೀಯ ಪುಟ್ಟಿ? ಉಗುರು ಹಾಳು."

ಅವಳು ಕೈಗಳನ್ನು ಚೀಲದ ಕೆಳಗೆ ಸರಿಸಿಕೊಂಡಳು.

"ಪಕ್ಕದ ಮನೆಯವಳು ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟಿದ್ಲು, ಬೇಸಿಗೇಲಿ. ನನ್ನ 'ಕ' ನನಗೆ ಗೊತ್ತಾಗಲ್ವಾ?"

"ಮತ್ತೆ ಹೇಳಲೇ ಇಲ್ಲ ನೀನು."

"ನೀನು ಹೇಳ್ತೀಯ ಅಂತ ನೋಡ್ತಿದ್ದೆ."

ಒಂದು ಬಸ್ಸು ಬಂದು, ಯಾರೂ ಏಳದ್ದನ್ನು ನೋಡಿ, ಹೊರಟುಹೋಯಿತು. ಅವಳು ಅಕ್ಕನ ಕಡೆ ತಿರುಗಿದಳು. "ಅಕ್ಕ, ಅದಷ್ಟೇ ಅಲ್ಲ. ನೀನು ನೆಟ್ಟಗೆ ಬರೆದಾಗ ನಾನು..." ಅಕ್ಕ ಕೈ ಅಲ್ಲಾಡಿಸಿ ತಡೆದಳು. "ಗೊತ್ತು. ನೆಟ್ಟಗೆ ಬರೆದ್ರೆ ನಿನ್ನ ಮುಖ ಸಣ್ಣಗಾಗ್ತಿತ್ತು. ಯಾಕೆ ಅಂತ ಆವಾಗ ಗೊತ್ತಿರ್ಲಿಲ್ಲ. ಆಫೀಸಲ್ಲಿ ಏನೋ ಕಷ್ಟ, ಕೂಸಿಗೆ ಹೀಗೆ ಬರೆದ್ರೆ ಸಮಾಧಾನ, ಬರೆದ್ರಾಯ್ತು ಅಂದ್ಕೊಂಡೆ. ಬೇಕಾದಾಗ ನೆಟ್ಟಗೆ ಬರೀಬಹುದು, ಕೈ ನಂದೇ ತಾನೆ ಅಂದ್ಕೊಂಡೆ." ಅಕ್ಕ ತನ್ನ ಬಲಗೈಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದಳು, ಯಾರೋ ಬಿಟ್ಟುಹೋದ ಸಾಮಾನನ್ನು ನೋಡುವ ಹಾಗೆ. "ಇವತ್ತು ಬೇಕಿತ್ತು. ಕೇಳಲಿಲ್ಲ."

ಅಕ್ಕ ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಬೈಗುಳಕ್ಕೆ ಅಳಬಹುದು, ಕಾಲು ಹಿಡಿಯಬಹುದು, ಎಂಟು ದಿನ ಮಾತುಬಿಟ್ಟು ಆಮೇಲೆ ಚಹಾ ಕುಡಿಯಬಹುದು. ಅಕ್ಕ ಮನೆಗೆ ಬಂದು ಸ್ವೆಟರು ಬಿಚ್ಚಿ ಮಡಚಿಟ್ಟಳು, ಚೀಲದಿಂದ ಪಾಠದ ಪುಸ್ತಕಗಳನ್ನು ತೆಗೆದು ಕಪಾಟಿನಲ್ಲಿ ಹಳೆಯ ಜಾಗಕ್ಕೇ ಜೋಡಿಸಿದಳು, ಊಟಕ್ಕೆ ತಟ್ಟೆ ಇಟ್ಟಳು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಫೋನಿನಲ್ಲಿ ಯಜಮಾನ ಮತ್ತೆ ನೆನಪಿಸಿದ್ದ. ಅವಳು ಅದನ್ನು ಮಗುಚಿ ಹಾಕಿದಳು. ಸಾಕು, ಸೋಮವಾರ ಹೋಗಿ ಎಲ್ಲ ಹೇಳಿಬಿಡುತ್ತೇನೆ, ಕೆಲಸ ಹೋದರೆ ಹೋಗಲಿ ಎಂದುಕೊಂಡಳು. ಹಾಗೆಂದುಕೊಂಡದ್ದೇ ಎದೆ ಹಗುರಾಯಿತು, ಅಷ್ಟು ಸುಲಭಕ್ಕೆ ಹಗುರಾದುದರ ಬಗ್ಗೆ ನಾಚಿಕೆಯೂ ಆಯಿತು. ಹೊಸ ಕಾಪಿ ಪುಸ್ತಕ ತಂದು ಅಕ್ಕನ ಮುಂದಿಟ್ಟಳು. "ಇವತ್ತಿಂದ ಮೊದಲಿಂದ ಶುರು ಮಾಡೋಣ ಅಕ್ಕ. ಆ ಫಿಸಿಯೋನೂ ಕರೆಸ್ತೀನಿ. ನೆಟ್ಟಗೆ ಬಂದಿದ್ದಕ್ಕೆ ಮಾತ್ರ, ಸೊಟ್ಟಗೆ ಬಂದ್ರೆ ನಾನು ಬಾಯೇ ಬಿಡಲ್ಲ." ಅಕ್ಕ ಬೇಡ ಎನ್ನಲಿಲ್ಲ. ಅವಳು ಅಕ್ಕನ ಮುಷ್ಟಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದಳು. ಎಂದೋ ಒಂದು ಸಂಜೆ, ಜನ ತುಂಬಿದ ಮನೆಯ ಒಳಕೋಣೆಯಲ್ಲಿ, ಈ ಕೈ ಎಷ್ಟು ದೊಡ್ಡದಿತ್ತು. "ಬಿಡು, ನಾನೇ ಬರೀತೀನಿ," ಎಂದಳು ಅಕ್ಕ.

ಅಕ್ಕ ಹಾಳೆಯ ಮೇಲೆ ಬಗ್ಗಿದಳು. ತುಟಿ ಕಚ್ಚಿ, ಕತ್ತಿನ ನರ ಎದ್ದು ಕಾಣುವಷ್ಟು ಬಿಗಿಯಾಗಿ, ಇದ್ದ ಶಕ್ತಿಯೆಲ್ಲ ಬೆರಳಿಗೆ ಇಳಿಸಿ, ಒಂದು 'ಅ' ಬರೆಯತೊಡಗಿದಳು. ಈ ಸಲ ಯಾರನ್ನೂ ಮೆಚ್ಚಿಸಲಿಕ್ಕಲ್ಲ, ನೆಟ್ಟಗೆ ಬರಲೆಂದೇ. ಪೆನ್ನು ಒತ್ತಿ ಒತ್ತಿ ಶಾಯಿ ದಪ್ಪಗೆ ಇಳಿಯಿತು. ಅಕ್ಷರದ ಹೊಟ್ಟೆ ಗೆರೆಯ ಕೆಳಗೆ ಕುಸಿಯಿತು, ಸುಳಿ ಮುಚ್ಚಲು ಹೋಗಿ ಮುಚ್ಚದೆ ನಿಂತಿತು, ಬಾಲ ಏಳಲು ನೋಡಿ, ಅರ್ಧಕ್ಕೆ ಸೋತು, ಅಲ್ಲೇ ಒಂದು ನಡುಕ ಬಿಟ್ಟು ಮುಗಿಯಿತು. ಅಕ್ಕ ಪೆನ್ನು ಎತ್ತಿದಳು. ತಲೆ ಎತ್ತಲಿಲ್ಲ. "ಹೇಗಿದೆ?" ಎಂದು ಕೇಳಿದಳು.

ಮನಸ್ಸು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕಣ್ಣು ತನ್ನ ಕೆಲಸ ಮುಗಿಸಿತ್ತು. ಅದು ಆ 'ಅ'ವನ್ನು ಹಾಳೆಯಿಂದ ಕತ್ತರಿಸಿ, ಅಂಚು ತಿದ್ದಿ, ಕಪ್ಪು ತುಂಬಿ, ಸಿಗ್ನಲ್ಲಿನ ಐದು ಮಾಳಿಗೆಯ ಕಟ್ಟಡದ ಮೇಲೆ ನಿಲ್ಲಿಸಿ ನೋಡಿಯೂ ಆಗಿತ್ತು. ಇಷ್ಟು ಒಳ್ಳೆಯದು ಹಿಂದಿನ ಯಾವ ಪುಸ್ತಕದಲ್ಲೂ ಬಂದಿರಲಿಲ್ಲ.

"ಚೆನ್ನಾಗಿದೆ," ಎಂದಳು.

ಅಕ್ಕ ಪೆನ್ನು ಕೆಳಗಿಟ್ಟಳು. ಆಮೇಲೆ, ಶಾಯಿ ಇನ್ನೂ ಆರದ ಆ ಹಾಳೆಯನ್ನು ಪುಸ್ತಕದಿಂದ ಜೋಪಾನವಾಗಿ ಹರಿದು ತಂಗಿಯ ಕಡೆಗೆ ಸರಿಸಿ, ಕೆಳಗಿನ ಖಾಲಿ ಹಾಳೆಯನ್ನು ಅಂಗೈಯಿಂದ ಸವರಿ, "ಮುಂದಿಂದು ಯಾವುದು ಬೇಕು?" ಎಂದು ಕೇಳಿದಳು.